ಮುಚ್ಚಳದಲ್ಲಿದ್ದ ತುದಿ

ಮಗನ ಅಂಗಿಯನ್ನು ಒಳಗು ಹೊರಗು ಮಾಡಿ ಹೋಟೆಲಿನ ಮಂಚದ ಮೇಲೆ ಹರವಿಕೊಂಡು, ಕಂಕುಳಿನ ಹೊಲಿಗೆಯಿಂದ ತೋಳಿನ ಅಂಚಿನವರೆಗೆ ಹೆಬ್ಬೆರಳನ್ನು ಒತ್ತಿ ಒತ್ತಿ ಸರಿಸುತ್ತಿದ್ದಳು. ಸ್ನಾನ ಮುಗಿಸಿ ಬಂದ ಗಂಡ ತಲೆ ಒರೆಸಿಕೊಳ್ಳುತ್ತ "ಇಲ್ಲೂ ಶುರುವಾಯ್ತಾ ನಿಂದು?" ಅಂದ. ಹೊಸ ಬಟ್ಟೆಯಾಗಲಿ, ನೂರು ಸಲ ಒಗೆದದ್ದಾಗಲಿ, ಮಕ್ಕಳ ಮೈಮೇಲೆ ಹೋಗುವ ಮೊದಲು ಅವಳ ಬೆರಳ ಕೆಳಗೆ ಹಾದುಹೋಗಲೇಬೇಕು. ಅವಳ ಬಟ್ಟೆಗೆ, ಗಂಡನ ಬಟ್ಟೆಗೆ ಆ ಯೋಗವಿಲ್ಲ. ಅತ್ತೆ ಬದುಕಿದ್ದಾಗ ಮೊದಮೊದಲು ಇದನ್ನು ಯಾರೋ ಮಾಡಿಸಿದ ಮಾಟ ಅಂದುಕೊಂಡಿದ್ದರು. ಆಮೇಲೆ ಬರೀ ಕೊಬ್ಬು ಅಂದುಕೊಂಡರು. ಎಂಟು ವರ್ಷದ ಮಗ ಬನಿಯನ್ನಿನಲ್ಲೇ ಎರಡೂ ಕೈ ಮೇಲೆತ್ತಿ, ವಿಮಾನ ನಿಲ್ದಾಣದಲ್ಲಿ ನಿಂತವನ ಹಾಗೆ ನಿಂತು, "ಚೆಕಿಂಗ್ ಆಯ್ತಾ ಮೇಡಂ, ಹೋಗಬಹುದಾ?" ಅಂತ ಹಲ್ಲು ಕಿರಿದ. ಹನ್ನೆರಡು ವರ್ಷದ ಮಗಳು ಮಾತ್ರ ಕಿಟಕಿಯ ಹತ್ತಿರ ಕೂತು ಅಮ್ಮನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಇತ್ತೀಚೆಗೆ ಈ ಹುಡುಗಿಯ ನೋಟ ಅವಳಿಗೆ ಹಿಡಿಸುತ್ತಿರಲಿಲ್ಲ. ಹೆತ್ತ ಮಗಳ ಕಣ್ಣಿಗೆ ಹೆದರುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ಇದ್ದಾಳೆ, ಇಲ್ಲೇ ಕೂತಿದ್ದಾಳೆ, ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ.

ಬಣ್ಣದ ಕಂಪನಿಯವರು ಹೆಚ್ಚು ಡಬ್ಬ ಮಾರಿದ ಅಂಗಡಿಯವರನ್ನು ಹೆಂಡತಿ ಮಕ್ಕಳ ಸಮೇತ ವಿದೇಶ ಸುತ್ತಿಸುತ್ತಾರೆ. ಎರಡು ವರ್ಷ ಕೂದಲೆಳೆಯಲ್ಲಿ ತಪ್ಪಿಹೋಗಿದ್ದ ಪ್ರವಾಸ ಈ ಸಲ ಗಂಡನ ಪಾಲಿಗೆ ಬಂದಿತ್ತು. ಊಟಕ್ಕೆ ಕೂತು ಅವನು ದೇಶದ ಹೆಸರು ಹೇಳಿದಾಗ ಅವಳು ನೀರು ಬಗ್ಗಿಸುತ್ತಿದ್ದಳು. ಲೋಟ ತುಂಬಿ ನೀರು ಮೇಜಿನ ಮೇಲೆಲ್ಲ ಹರಿಯಿತು. "ನೀನಿದ್ದ ದೇಶ ಕಣೇ! ಇನ್ನೇನು, ನೀನೇ ನಮ್ಗೆ ಗೈಡು" ಅಂತ ನಕ್ಕಿದ್ದ. ಮದುವೆಗೆ ಮುಂಚೆ ಮೂರು ವರ್ಷ ಅವಳು ಇಲ್ಲಿಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು. ನೋಡಲು ಬಂದ ದಿನ, ಹುಡುಗಿ ಫಾರಿನ್ನಿನಲ್ಲಿದ್ದಳಂತೆ ಅಂತ ಗಂಡಿನ ಕಡೆಯವರ ಮುಖ ಅರಳಿತ್ತು; ಏನು ಕೆಲಸ ಅಂತ ಕೇಳಿದ ಮೇಲೆ ಅಷ್ಟೇ ಬೇಗ ಬಾಡಿತ್ತು. ನಾನು ಬರಲ್ಲ, ನೀವು ಹೋಗಿಬನ್ನಿ ಅಂತ ಅವಳು ಹೇಳಬಹುದಿತ್ತು. ಹೇಳಲಿಲ್ಲ. ಮಾರನೆಯ ದಿನದಿಂದ ಪಾತ್ರೆ ತೊಳೆಯುತ್ತ, ಹದಿನೈದು ವರ್ಷದಿಂದ ಆಡದ ಆ ದೇಶದ ಭಾಷೆಯಲ್ಲಿ ಎರಡು ಮಾತನ್ನು ಬಾಯೊಳಗೇ ಜೋಡಿಸತೊಡಗಿದಳು. ಆ ಸೂಜಿಯ ತುದಿ ಕದ್ದವಳು ನಾನು. ಉದ್ದಕ್ಕನದು ಏನೂ ತಪ್ಪಿಲ್ಲ. ಅಷ್ಟೇ. ಕಾರ್ಖಾನೆಗೆ ಹೋಗಿ ಇಷ್ಟು ಹೇಳಿ, ಅವರ ಕೈಯಲ್ಲಿ ಮೊಹರು ಹಾಕಿದ ಒಂದು ಕಾಗದ ಬರೆಸಿಕೊಂಡು, ಅದನ್ನು ಉದ್ದಕ್ಕನಿಗೆ ಮುಟ್ಟಿಸುವುದು. ಆಗ ಪಕ್ಕದ ಮಷೀನಿನಲ್ಲಿ ಕೂರುತ್ತಿದ್ದ, ಎತ್ತರ ನೋಡಿ ಎಲ್ಲರೂ ಹಾಗೆ ಕರೆಯುತ್ತಿದ್ದ ಉದ್ದಕ್ಕ ಈಗ ಇರುವುದು ಅವಳ ಊರಿನಿಂದ ಬಸ್ಸಿನಲ್ಲಿ ನಾಲ್ಕೇ ಗಂಟೆ ದೂರ. ಹದಿನೈದು ವರ್ಷದಲ್ಲಿ ಆ ಬಸ್ಸು ಹತ್ತಲು ಅವಳಿಗೆ ಪುರಸೊತ್ತಾಗಿಲ್ಲ. ಆ ಮುಖ ನೋಡಿಕೊಂಡು ತನ್ನ ಭಾಷೆಯಲ್ಲಿ ಹೇಳುವುದಕ್ಕಿಂತ, ಸಮುದ್ರ ದಾಟಿ, ಇನ್ನೊಬ್ಬರ ಭಾಷೆಯಲ್ಲಿ, ಯಾರೋ ಒಬ್ಬರಿಗೆ ಹೇಳಿ ಕೈತೊಳೆದುಕೊಳ್ಳುವುದು ಸಲೀಸು ಅಂದುಕೊಂಡ ಮಹಾ ಧೀರೆ ಇವಳು.

ಹೋಟೆಲಿನ ತಿಂಡಿಯ ಕೋಣೆಯಲ್ಲಿ, ಅದೇ ಪ್ರವಾಸಕ್ಕೆ ಬಂದಿದ್ದ ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ ತಟ್ಟೆ ಹಿಡಿದು ಇವರ ಮೇಜಿಗೇ ಬಂದು ಕೂತರು. ನಾಲ್ಕು ದಿನದಿಂದ ಅವರಿಗೆ ಇವಳ ಮೇಲೆ ಒಂದು ಕಣ್ಣು. ಹೋಟೆಲಿನವರ ಜೊತೆ ಇವಳು ಅವರ ಭಾಷೆಯಲ್ಲೇ ಮಾತಾಡಿ ಬಿಸಿನೀರು ತರಿಸಿಕೊಂಡದ್ದು ಅವರಿಗೆ ಜೀರ್ಣವಾಗಿರಲಿಲ್ಲ. "ನಿಮ್ಮೋರು ಇಲ್ಲೇ ಇದ್ರಂತೆ ಮುಂಚೆ? ಏನ್ ಕೆಲಸ್ದಲ್ಲಿ?" ಅಂತ ಗಂಡನನ್ನು ಕೇಳಿದರು. ಗಂಡ ಬಾಯಿ ಒರೆಸಿಕೊಂಡು "ಫ್ಯಾಷನ್ ಲೈನಲ್ಲಿ. ಡಿಸೈನ್ ಕಡೆ" ಅಂದ. ತಟ್ಟೆಯಿಂದ ತಲೆಯೆತ್ತದೆ ಮಗಳು "ಇಲ್ಲ ಅಪ್ಪ, ಅಮ್ಮ ಟೈಲರ್ ಆಗಿದ್ರು. ಫ್ರಾಕಿಗೆ ತೋಳು ಕೂರಿಸ್ತಿದ್ರು" ಅಂದಳು. ತಪ್ಪು ಕಂಡರೆ ತಿದ್ದದೆ ಬಿಡುವ ಪೈಕಿಯಲ್ಲ ಆ ಹುಡುಗಿ. ಶಾಲೆಯಲ್ಲಿ ಟೀಚರು ಬೋರ್ಡಿನ ಮೇಲೆ ಬರೆದದ್ದನ್ನೂ ಎದ್ದು ನಿಂತು ತಿದ್ದಿ ಎರಡು ಸಲ ಹೊರಗೆ ನಿಂತು ಬಂದವಳು. ಹಾರ್ಡ್‌ವೇರಿನವರು ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ ಅದಕ್ಕೇನಂತೆ, ಕೆಲಸ ಅಂದ್ಮೇಲೆ ಎಲ್ಲಾ ಒಂದೇ. ಒಳ್ಳೇದೇ ಆಯ್ತು ಬಿಡಿ, ನಂದೊಂದು ಕುರ್ತಾದ ತೋಳು ಬಿಗಿ ಆಗಿದೆ, ಸಾಯಂಕಾಲ ರೂಮಿಗೆ ತರ್ಲಾ?" ಅಂದರು. ಇವಳು "ತನ್ನಿ" ಅಂದಳು. ಗಂಡ ಮೇಜಿನ ಕೆಳಗೆ ಅವಳ ಕಾಲನ್ನು ತುಳಿದ. ಅವನಿಗೆ ನೋವಾದದ್ದು ಅವಳಿಗೆ ಕಂಡಿತು; ಆದರೆ ಅವಳಿಗೆ ತಾನು ಟೈಲರಾಗಿದ್ದದ್ದರ ನಾಚಿಕೆ ಎಂದೂ ಇರಲಿಲ್ಲ. ನಾಚಿಕೆಪಡಲು ಬೇರೆಯದೇ ಇತ್ತು, ಅದು ಇವರ ಯಾರ ಬಾಯಿಗೂ ಸಿಗುವಂಥದಲ್ಲ.

ಮಿಕ್ಕವರು ಅಂಗಡಿ ಬೀದಿಗೆ ಹೋಗುವುದು, ಅವಳು ಮಕ್ಕಳನ್ನು ಕರೆದುಕೊಂಡು ಕಾರ್ಖಾನೆ ತೋರಿಸಿ ಮಧ್ಯಾಹ್ನ ಒಂದು ಗಂಟೆಗೆ ಬಸ್ಸಿನ ಹತ್ತಿರ ಬರುವುದು ಅಂತ ಆಯಿತು. ಟ್ಯಾಕ್ಸಿಯ ಕಿಟಕಿಯಾಚೆ ಬೀದಿಗಳು ಅವಳು ಬಿಟ್ಟುಹೋದ ಹಾಗೆಯೇ ಇದ್ದವು, ಇರಲಿಲ್ಲ. ಕಾರ್ಖಾನೆಯ ಹೆಂಗಸರು ಹನ್ನೆರಡು ಜನ ಒಂದು ಕೋಣೆಯಲ್ಲಿ ಇದ್ದ ಕಟ್ಟಡಕ್ಕೆ ಹಸಿರು ಬಣ್ಣ ಹೊಡೆದು ಕೆಳಗೆ ಔಷಧಿ ಅಂಗಡಿ ಇಟ್ಟಿದ್ದರು. ಆ ಮೂರನೇ ಕಿಟಕಿ. ಅಲ್ಲಿ ಮೇಲುಮಂಚದಲ್ಲಿ ಅವಳು, ಕೆಳಮಂಚದಲ್ಲಿ ಉದ್ದಕ್ಕ. ಕಾಲು ಚಾಚಿದರೆ ಉದ್ದಕ್ಕನ ಪಾದ ಮಂಚದಿಂದ ಒಂದು ಗೇಣು ಹೊರಗೆ. ಕೆಳಗೆ ಮಲಗಿಕೊಂಡೇ ಕಾಲಿನಿಂದ ಕದ ಮುಚ್ಚುತ್ತಾಳೆ ಅಂತ ಎಲ್ಲರೂ ನಗುತ್ತಿದ್ದರು, ಉದ್ದಕ್ಕನೂ ನಗುತ್ತಿದ್ದಳು. ಊರಲ್ಲಿ ಅವಳಿಗೆ ಎರಡು ಮಕ್ಕಳು, ನಾದಿನಿಯ ಹತ್ತಿರ ಬಿಟ್ಟು ಬಂದವಳು. ಭಾನುವಾರ ಫೋನಿನಲ್ಲಿ ಆ ಮಕ್ಕಳಿಗೆ ಗದರುತ್ತಿದ್ದಳು, ಫೋನು ಇಟ್ಟ ಮೇಲೆ ಅಳುತ್ತಿದ್ದಳು, ಆಮೇಲೆ ಇವಳ ತಲೆ ಬಾಚುತ್ತಿದ್ದಳು. ಇವಳಿಗಾಗ ಇಪ್ಪತ್ತೆರಡು. "ಯಾಕ್ ಬಾಯ್ ಅಲ್ಲಾಡಿಸ್ತಿದ್ದೀಯ ಅಮ್ಮ?" ಅಂತ ಮಗ ಕೇಳಿದ. "ಏನಿಲ್ಲ, ಇಲ್ಲಿಯ ಭಾಷೆ ನೆನಪಿದ್ಯಾ ಅಂತ ನೋಡ್ತಿದ್ದೆ" ಅಂದಳು. ಆ ಸೂಜಿಯ ತುದಿ ಕದ್ದವಳು ನಾನು. ಮಾತು ಸರಿಯಾಗೇ ಬರುತ್ತಿತ್ತು.

"ಅಲ್ಲಿ ಸೂಜಿ ಮುರಿದ್ರೆ ಏನ್ ಮಾಡ್ತಿದ್ರಿ, ಹೇಳು" ಅಂತ ಮಗ ಹಠ ಹಿಡಿದ. ಎಷ್ಟು ಸಲ ಕೇಳಿದರೂ ಅವನಿಗೆ ಆ ಕಥೆ ಬೇಕು, ಅದರ ಮೊದಲ ಅರ್ಧ. ಹೇಳಿದಳು. ಅಲ್ಲಿ ಹೊಲಿಯುತ್ತಿದ್ದದ್ದು ಬರೀ ಮಕ್ಕಳ ಬಟ್ಟೆ. ಯಂತ್ರದ ಸೂಜಿ ಮುರಿದರೆ ಅದರ ಒಂದು ಚೂರೂ ಬಟ್ಟೆಯಲ್ಲಿ ಉಳಿಯಬಾರದು. ಎಲ್ಲ ಚೂರು ಹುಡುಕಿ ತಂದು, ಸೂಜಿ ಕೊಡುವ ಕಿಂಡಿಯ ಹತ್ತಿರ ಒಂದು ಚೀಟಿಗೆ ಅಂಟಿಸಿ, ಮಷೀನಿನ ನಂಬರು, ದಿನ, ಗಂಟೆ ಬರೆಸಿದರೆ ಮಾತ್ರ ಹೊಸ ಸೂಜಿ. ಒಂದು ಚೂರು ಸಿಗದಿದ್ದರೆ ಆ ಸಾಲಿನ ಮಷೀನುಗಳೆಲ್ಲ, ಇಡೀ ಲೈನು, ನಿಲ್ಲಬೇಕು, ಆ ಮಷೀನು ದಾಟಿದ ಅಷ್ಟೂ ಬಟ್ಟೆ ಬಿಚ್ಚಿ ನೋಡಬೇಕು. ಕಿಂಡಿಯಲ್ಲಿ ಕೂತಿದ್ದ ಗುಮಾಸ್ತನಿಗೆ ಇವರೆಲ್ಲ ಸೂಜಿಯಪ್ಪ ಅಂತ ಹೆಸರಿಟ್ಟಿದ್ದರು. ಮಗ ಬಿದ್ದು ಬಿದ್ದು ನಕ್ಕ. ಕಥೆಯ ಮಿಕ್ಕ ಅರ್ಧವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ವಾರ ಅವಳು ಎರಡು ಸಲ ಲೈನು ನಿಲ್ಲಿಸಿದ್ದಳು. ಮೂರನೇ ಸಲ ನಿಲ್ಲಿಸಿದರೆ ಗಂಟುಮೂಟೆ ಕಟ್ಟು ಅಂತ ಸೂಪರ್‌ವೈಸರ್ ಎಲ್ಲರ ಎದುರು ಬೆರಳು ತೋರಿಸಿದ್ದ. ಹಾಗಿರುವಾಗ ತೋಳಿನ ದಪ್ಪ ಮಡಿಕೆಯಲ್ಲಿ ಸೂಜಿ ಟಕ್ ಅಂದಿತು. ಎರಡು ಚೂರು ಸಿಕ್ಕಿತು, ತುದಿ ಇಲ್ಲ. ಅಯಸ್ಕಾಂತ ಹಿಡಿದು ಮಷೀನಿನ ಕೆಳಗೆ, ಕಾಲ ಬುಡದಲ್ಲಿ, ಮಡಿಲಿನಲ್ಲಿ ಹುಡುಕಿದಳು. ಪಕ್ಕದ ಹದಿನೆಂಟನೇ ಮಷೀನು ಉದ್ದಕ್ಕನದು. ಅವಳ ಸೂಜಿಯೂ ಆಗತಾನೇ ಮುರಿದಿತ್ತು. ಚೂರುಗಳನ್ನು ದಾರ ಸುತ್ತಿಡುವ ಬಾಬಿನ್ ಡಬ್ಬಿಯ ಮುಚ್ಚಳದಲ್ಲಿಟ್ಟು, ಕಿಂಡಿಗೆ ಹೋಗುವ ಮೊದಲು, ಹಾಳಾದವಳು, ಪಾಯಿಖಾನೆಗೆ ಹೋಗಿದ್ದಳು. ಮುಚ್ಚಳದಲ್ಲಿ ಮೂರು ಚೂರು ಹೊಳೆಯುತ್ತಿದ್ದವು. ಇವಳು ಬೆರಳಿಗೆ ಎಂಜಲು ಹಚ್ಚಿ ಒತ್ತಿದಳು; ತುದಿ ಬೆರಳಿಗೇ ಅಂಟಿಕೊಂಡು ಬಂತು. ಕಿಂಡಿಯಲ್ಲಿ ಸೂಜಿಯಪ್ಪ ಚೂರುಗಳನ್ನು ಎಣಿಸಿದ, ಜೋಡಿಸಿ ನೋಡಲಿಲ್ಲ. ನೋಡುವಷ್ಟು ಪುರಸೊತ್ತು ಅಲ್ಲಿ ಯಾರಿಗಿತ್ತು? ಅವಳು ಹೊಸ ಸೂಜಿ ಹಾಕಿ ತೋಳು ಕೂರಿಸಲು ತೊಡಗಿದಾಗ ಉದ್ದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು.

ಆಮೇಲೆ ನಡೆದದ್ದೆಲ್ಲ ಉದ್ದಕ್ಕನ ಒಳ್ಳೆಯತನದಿಂದಲೇ ನಡೆದದ್ದು, ಅಂತ ಅವಳು ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡಿದ್ದುಂಟು. ತುದಿ ಇಲ್ಲದ್ದು ನೋಡಿ ಉದ್ದಕ್ಕ ಗಾಬರಿಯಾದಳು, ಆದರೆ ಬಟ್ಟೆಯಲ್ಲಿ ಉಳಿದಿಲ್ಲ ಅನ್ನುವುದು ಅವಳಿಗೆ ಖಚಿತ. ನಾನೇ ಎತ್ತಿ ಮುಚ್ಚಳದಲ್ಲಿಟ್ಟೆ, ಇಲ್ಲೆಲ್ಲೋ ಬಿದ್ದಿದೆ, ಬಟ್ಟೆ ಬಿಚ್ಚಿಸಬೇಡಿ, ಸಾಯಂಕಾಲ ಲಾರಿಗೆ ಹಾಕುವ ಮಾಲು, ಹುಡುಗಿಯರಿಗೆಲ್ಲ ಬೈಗುಳ ಬೀಳುತ್ತೆ ಅಂದಳು. ಕಣ್ಣಾರೆ ನೋಡಿದ್ಯಾ ಅಂತ ಸೂಪರ್‌ವೈಸರ್ ಕೇಳಿದ. ಉದ್ದಕ್ಕ ತನ್ನ ಇಬ್ಬರು ಮಕ್ಕಳ ಮೇಲೆ ಆಣೆ ಇಟ್ಟಳು. ಆಣೆ ಅಂದರೆ ಏನೆಂದು ಅವನಿಗೆ ಬಿಡಿಸಿ ಹೇಳಿದವಳು ಇವಳೇ, ಭಾಷೆ ಚೆನ್ನಾಗಿ ಬರುತ್ತಿದ್ದವಳು ಇವಳೊಬ್ಬಳೇ ತಾನೆ. ಸರಿ, ಮಾಲು ಬಿಚ್ಚದೆ ಮುಂದಕ್ಕೆ ಹೋಯಿತು. ನಾಲ್ಕು ಗಂಟೆಗೆ ಕೊನೆಯ ಯಂತ್ರ, ಲೋಹ ಸಿಕ್ಕರೆ ಕೂಗುವ ಯಂತ್ರ, ಕೂಗಿಕೊಂಡಿತು. ಎರಡು ವರ್ಷದ ಮಗುವಿನ ಹಳದಿ ಫ್ರಾಕಿನ ತೋಳೊಳಗೆ ಸೂಜಿಯ ತುದಿ. ಲೈನಿನಲ್ಲಿ ತುದಿ ಕಳೆದುಕೊಂಡವಳು ಒಬ್ಬಳೇ. ಮಕ್ಕಳ ಮೇಲೆ ಸುಳ್ಳು ಆಣೆ ಇಟ್ಟವಳನ್ನು ಮಕ್ಕಳ ಬಟ್ಟೆ ಹೊಲಿಯಲು ಇಟ್ಟುಕೊಳ್ಳುವುದು ಹೇಗೆ? ಮೂರನೇ ದಿನಕ್ಕೆ ವಿಮಾನದ ಟಿಕೆಟ್ಟು ಬಂತು. ಚೀಲ ತುಂಬುತ್ತ ಉದ್ದಕ್ಕ, ಅಷ್ಟೆತ್ತರದ ಹೆಂಗಸು, ಮಂಚದ ತುದಿಯಲ್ಲಿ ಮುದುರಿ ಕೂತು ಇವಳ ಕೈ ಹಿಡಿದುಕೊಂಡಳು. "ನೀನಾದ್ರೂ ನೋಡಿದ್ಯಲ್ವೇನೇ? ಮುಚ್ಚಳದಲ್ಲಿ ಮೂರ್ ಚೂರಿತ್ತಲ್ವಾ? ನೋಡಿದ್ದೆ ಅಂತ ಒಂದ್ ಮಾತು ಹೇಳೇ, ಅವರಿಗ್ ಬೇಡ, ನಂಗೆ ಹೇಳು ಸಾಕು." ಇವಳು "ನಾನ್ ಆ ಕಡೆ ನೋಡೇ ಇಲ್ಲ ಅಕ್ಕಾ" ಅಂದಳು. ಅದನ್ನೂ ಸುಮ್ಮನೆ ಅನ್ನಲಿಲ್ಲ, ಉದ್ದಕ್ಕನ ಕಣ್ಣು ಒರೆಸುತ್ತ ಅಂದಳು. "ಹಾಗಾದ್ರೆ ನನ್ ಕಣ್ಣೇ ಹೋಗಿರ್ಬೇಕು ಕಣೇ. ಮಕ್ಕಳ ಮೇಲೆ ಆಣೆ ಹಾಕ್ಬಿಟ್ನಲ್ಲೇ" ಅಂತ ಉದ್ದಕ್ಕ ಅತ್ತಳು. ಎಷ್ಟೋ ವರ್ಷದ ಮೇಲೆ ಹಳೆಯ ಗೆಳತಿಯೊಬ್ಬಳು ಸಂತೆಯಲ್ಲಿ ಸಿಕ್ಕಿ ಹೇಳಿದ್ದಳು: ಉದ್ದಕ್ಕ ಹೊಲಿಗೆ ಬಿಟ್ಟಳಂತೆ, ಡಾಕ್ಟರು ಏನೂ ಇಲ್ಲ ಅಂದರೂ ಕಣ್ಣು ಕಾಣಲ್ಲ ಅಂತ ಗೋಡೆ ಸವರಿಕೊಂಡು ನಡೀತಾಳಂತೆ, ಮಕ್ಕಳಿಗೆ ಜ್ವರ ಬಂದರೂ ತನ್ನ ಆಣೆಯಿಂದಲೇ ಬಂತು ಅಂತ ತಲೆ ಚಚ್ಚಿಕೊಳ್ತಾಳಂತೆ. ಇವಳು ಅಯ್ಯೋ ಪಾಪ ಅಂದು, ಒಂದು ಕಟ್ಟು ಸೊಪ್ಪು ಕೊಂಡು ಮನೆಗೆ ಬಂದಿದ್ದಳು.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಒಳಗೆ ಬಿಡುವುದಿಲ್ಲ ಅಂದಾಗ ಅವಳಿಗೆ ಎದೆಯ ಭಾರ ಇಳಿದಂತಾಯಿತು. ಬಂದಿದ್ದೆ, ಬಿಡಲಿಲ್ಲ. ಇಷ್ಟಾದರೂ ಮಾಡಿದೆನಲ್ಲ. ತಿರುಗಿ ಹೊರಡಬೇಕು ಅನ್ನುವಷ್ಟರಲ್ಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ನೆರೆಗೂದಲಿನ ಒಬ್ಬ ಗೇಟಿನ ಪಕ್ಕದ ಆಫೀಸಿನಿಂದ ಇಣುಕಿದ. ಬೆಳ್ಳಗಾದ ಮೀಸೆ, ಅದೇ ಸಣ್ಣ ಕಣ್ಣು. ಸೂಜಿಯಪ್ಪ. ಅವನು ಹತ್ತಿರ ಬಂದು ಅವಳ ಮುಖ ನೋಡಿ, ಬೆರಳು ಆಡಿಸಿ, "ಹದಿನೇಳು! ಹದಿನೇಳನೇ ಮಷೀನು!" ಅಂತ ತನ್ನ ಭಾಷೆಯಲ್ಲಿ ಕೂಗಿದ. ಹೆಸರು ಮರೆತಿದ್ದ, ನಂಬರು ಮರೆತಿರಲಿಲ್ಲ. "ಇವರು ನಿನ್ನ ಮಕ್ಕಳಾ? ಇಷ್ಟು ದೊಡ್ಡವರಾ? ಬಾ ಬಾ, ಒಳಗೆ ಬಾ, ನಿನ್ನನ್ನು ದಿನಾ ನೋಡ್ತೀನಿ ನಾನು, ಗೊತ್ತಾ?" ಅಂದ. ಅವಳಿಗೆ ಅರ್ಥವಾಗಲಿಲ್ಲ. ಅವನೀಗ ಕಿಂಡಿಯಲ್ಲಿಲ್ಲ, ಹೊಸದಾಗಿ ಬಂದ ಹುಡುಗಿಯರಿಗೆ ಪಾಠ ಹೇಳುವವನು. ಓಣಿಯುದ್ದಕ್ಕೂ ಯಂತ್ರಗಳ ಸದ್ದು ಅಂಗಾಲಿನಿಂದ ಮೇಲೆ ಹತ್ತುತ್ತಿತ್ತು, ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಗಾಜಿನಾಚೆ ಬಗ್ಗಿದ ತಲೆಗಳ ಸಾಲು. ಹದಿನೇಳನೆಯದು ಯಾವುದೆಂದು ಎಣಿಸದೇ ಗೊತ್ತಾಯಿತು. ಈಗಲೇ ಹೇಳಿಬಿಡಬೇಕು, ಓಣಿ ಮುಗಿಯುವ ಮೊದಲು. ಅವಳು "ಒಂದು ವಿಷಯ ಹೇಳಬೇಕಿತ್ತು" ಅಂದಳು. "ಹೇಳುವೆಯಂತೆ, ಮೊದಲು ಇದನ್ನ ನೋಡು" ಅಂತ ಅವನು ಪಾಠದ ಕೋಣೆಯ ಬಾಗಿಲು ತಳ್ಳಿದ.

ಎದುರು ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಎರಡು ಚೀಟಿ. ಪಕ್ಕದಲ್ಲಿ ಅವುಗಳದೇ ದೊಡ್ಡ ಚಿತ್ರ, ಸೂಜಿಯ ಚೂರು ಒಂದೊಂದೂ ಮೊಳದುದ್ದ ಕಾಣುವ ಹಾಗೆ. ಒಂದರ ಮೇಲೆ ಹಸಿರು ಗುರುತು, ಇನ್ನೊಂದರ ಮೇಲೆ ಕೆಂಪು. ಹಸಿರಿನ ಚೀಟಿಯಲ್ಲಿ ಹದಿನೇಳು, ಕೆಂಪಿನದರಲ್ಲಿ ಹದಿನೆಂಟು; ಫ್ರಾಕಿನಲ್ಲಿ ಸಿಕ್ಕ ತುದಿಯನ್ನೂ ಆ ಕೆಂಪಿನದಕ್ಕೇ ಅಂಟಿಸಿದ್ದರು. ಸೂಜಿಯಪ್ಪ ಮಕ್ಕಳ ಕಡೆ ಬಗ್ಗಿ, ಪಾಠದ ದನಿಯಲ್ಲಿ ಶುರುಮಾಡಿದ. ಮಕ್ಕಳಿಗೆ ಅವನ ಭಾಷೆ ಬರದು; "ಏನಂತಾರೆ ಅಮ್ಮ?" ಅಂತ ಇಬ್ಬರೂ ಅವಳ ಮುಖ ನೋಡಿದರು. ಅವನು ನಿಲ್ಲಿಸಿ, ನೀನು ಹೇಳು ಅಂತ ಅವಳಿಗೆ ಕೈ ಮಾಡಿ, ಒಂದೊಂದು ಮಾತಿಗೂ ಬಿಡುವು ಕೊಡುತ್ತ ಹೋದ. ಅವಳು ಹೇಳುತ್ತ ಹೋದಳು. ಒಂದೇ ದಿನ, ಒಂದೇ ಗಂಟೆ, ಅಕ್ಕಪಕ್ಕದ ಎರಡು ಮಷೀನು. ಇಬ್ಬರ ಸೂಜಿಯೂ ಮುರೀತು. ಒಬ್ಬಳು ಎಲ್ಲಾ ಚೂರೂ ತಂದು ಕೊಟ್ಟಳು. ಇನ್ನೊಬ್ಬಳು ಸುಳ್ಳು ಹೇಳಿದಳು. ತನ್ನ ಮಕ್ಕಳ ಮೇಲೆ ಆಣೆ ಮಾಡಿ ಸುಳ್ಳು ಹೇಳಿದಳು. ಆ ತುದಿ ಒಂದು ಪುಟ್ಟ ಮಗುವಿನ ಫ್ರಾಕಿನಲ್ಲಿ ಸಿಕ್ಕಿತು. ಪ್ರತಿ ಮಾತೂ ಅವಳ ಬಾಯಿಂದ, ಅವಳ ಭಾಷೆಯಲ್ಲಿ, ಚೊಕ್ಕವಾಗಿ ಬರುತ್ತಿತ್ತು. ಹದಿನೈದು ವರ್ಷದಿಂದ ಪ್ರತಿ ತಿಂಗಳೂ ಹೊಸ ಹುಡುಗಿಯರು ಇಲ್ಲಿ ಕೂತು ಇದನ್ನು ಕೇಳಿ ಉದ್ದಕ್ಕನಿಗೆ ಛೀ ಅಂದಿದ್ದಾರೆ. ಇವಳು ಊರಲ್ಲಿ ಅಡುಗೆ ಮಾಡುತ್ತಿದ್ದಾಗ, ಮಕ್ಕಳಿಗೆ ಜಡೆ ಹಾಕುತ್ತಿದ್ದಾಗ, ಹೆರಿಗೆಯ ಬೇನೆ ತಿನ್ನುತ್ತಿದ್ದಾಗ. "ಹಸಿರು ಗುರುತಿಂದು ಯಾರು ಅಂತ ಮಕ್ಕಳಿಗೆ ಹೇಳು" ಅಂತ ಸೂಜಿಯಪ್ಪ ಕಣ್ಣು ಮಿಟುಕಿಸಿದ. "ಅದು ನಾನು" ಅಂದಳು. ಮಗ ಚಪ್ಪಾಳೆ ತಟ್ಟಿದ. ಆಮೇಲೆ ಕೆಂಪಿನ ಕಡೆ ತೋರಿಸಿ, "ಅವಳನ್ನ ಜೈಲಿಗೆ ಹಾಕಿದ್ರಾ? ಎಂಥಾ ಕೆಟ್ಟವಳಲ್ವಾ? ಪಾಪುಗೆ ಚುಚ್ಚಿದ್ರೆ ಏನ್ ಗತಿ?" ಅಂದ.

ಮಗಳು ದೊಡ್ಡ ಚಿತ್ರದ ಹತ್ತಿರ ಹೋಗಿ, ಗೇಣು ಹಾಕಿ, ಹಸಿರಿನ ಚೂರುಗಳನ್ನು ಅಳೆದಳು. ಕೆಂಪಿನ ಚೂರುಗಳನ್ನು ಅಳೆದಳು. ಮತ್ತೆ ಹಸಿರಿಗೆ ಬಂದಳು. ನೂರಾರು ಜನ ನೋಡಿದ ಗೋಡೆ. ಏನು ನೋಡಬೇಕೆಂದು ಮೊದಲೇ ಹೇಳಿಕೊಟ್ಟ ಮೇಲೆ ಅದಕ್ಕಿಂತ ಹೆಚ್ಚು ಯಾರು ನೋಡುತ್ತಾರೆ? ಈ ಹುಡುಗಿ ನೋಡಿದಳು. "ಅಮ್ಮ, ಇದು ತಪ್ಪು" ಅಂದಳು. "ನಿನ್ ಸೂಜಿ ಉದ್ದ ಆಗುತ್ತೆ, ಅವರ ಸೂಜಿ ಗಿಡ್ಡ ಆಗುತ್ತೆ. ಮುರಿದಿರೋ ಅಂಚು ನೋಡು, ನಿಂದು ಓರೆ, ತುದಿಯ ಅಂಚು ನೆಟ್ಟಗಿದೆ. ಕೂರಲ್ಲ. ಆದ್ರೆ ಆ ತುದಿ ತಂದು ಅವರ ಚೂರಿಗೆ ಇಟ್ರೆ ಸರಿ ಕೂರುತ್ತೆ. ಅವರದ್ದು ನಿಂದಕ್ಕೆ ಕೂರುತ್ತೆ. ತುದಿ ಅದಲು ಬದಲು ಆಗಿದೆ." ಬೋರ್ಡಿನ ಮೇಲಿನ ತಪ್ಪು ತೋರಿಸುವಾಗಿನ ಅದೇ ದನಿ, ಅದರಲ್ಲಿ ಅನುಮಾನದ ಸುಳಿವೂ ಇರಲಿಲ್ಲ. ಅಮ್ಮನಿಗೆ ಗೊತ್ತಿಲ್ಲದ್ದು ತನಗೆ ಸಿಕ್ಕಿತು ಅನ್ನುವ ಖುಷಿ ಬೇರೆ. "ಹಾಗಾದ್ರೆ ಆ ಆಂಟಿ ಸುಳ್ಳು ಹೇಳಿಲ್ಲ ಅಲ್ವಾ? ಇವರಿಗ್ ಹೇಳಮ್ಮ, ಹೇಳು."

ಸೂಜಿಯಪ್ಪ ನಗುತ್ತ ಇಬ್ಬರನ್ನೂ ನೋಡಿದ. "ಏನು, ಮಗಳು ಏನೋ ಕಂಡುಹಿಡಿದ ಹಾಗಿದೆ? ಏನಂತಾಳೆ?" ಇದಕ್ಕಿಂತ ಸುಲಭವಾಗಿ ಯಾರಿಗಾದರೂ ಬಾಗಿಲು ತೆರೆದದ್ದುಂಟೇ? ಅವಳು ತಾನಾಗಿ ಏನನ್ನೂ ಹೇಳಬೇಕಿರಲಿಲ್ಲ. ಮಗುವಿನ ಮಾತನ್ನು ಹಾಗೆಯೇ ಅವನ ಭಾಷೆಗೆ ದಾಟಿಸಿದರೆ ಸಾಕಿತ್ತು, ಉಳಿದದ್ದು ಗೋಡೆಯೇ ಹೇಳುತ್ತಿತ್ತು. ಬಾಯಿ ತೆರೆದಳು. ನಾಲಿಗೆಯ ತುದಿಯಲ್ಲಿ ಆ ಎರಡು ವಾಕ್ಯ, ತಿಂಗಳುಗಟ್ಟಲೆ ತೊಳೆದು ಒರೆಸಿಟ್ಟದ್ದು, ತಯಾರಾಗಿತ್ತು. ಮಗನ ಕೈ ಅವಳ ಕೈಯಲ್ಲಿತ್ತು. ಕೆಟ್ಟವಳು ಅಂತ ಅವನು ಅಂದದ್ದು ಎಷ್ಟು ಸಲೀಸಾಗಿ ಅಂದಿದ್ದ. "ಇಲ್ಲಿ ಎಲ್ಲಾ ತುಂಬಾ ಚೆನ್ನಾಗಿದೆಯಂತೆ" ಅಂದಳು ಅವನಿಗೆ. "ಅವಳಿಗೆ ತುಂಬಾ ಇಷ್ಟವಾಯಿತಂತೆ." ಸೂಜಿಯಪ್ಪ ಮಗಳ ತಲೆ ಸವರಿದ. "ನೀನು ಏನೋ ಹೇಳಬೇಕು ಅಂತಿದ್ದೆಯಲ್ಲ?" ಅಂತ ಇವಳನ್ನು ಕೇಳಿದ. "ಏನಿಲ್ಲ, ನಿಮ್ಮನ್ನ ನೋಡಿ ಸಂತೋಷ ಆಯ್ತು ಅಂತ ಹೇಳಬೇಕಿತ್ತು." ಅವನಿಗೆ ಕಣ್ಣು ತುಂಬಿ ಬಂತು. ಥೂ ಅನ್ನಿಸಿತು ಅವಳಿಗೆ, ತನ್ನ ಮೇಲೆ ಅಲ್ಲ, ಅಷ್ಟು ಬೇಗ ನಂಬಿದ ಆ ಮುದುಕನ ಮೇಲೆ. ಚೌಕಟ್ಟಿನ ಎದುರು ನಿಲ್ಲಿಸಿ ಅವನೊಂದು ಫೋಟೊ ತೆಗೆದ. ಮಗ ನಕ್ಕ. ಮಗಳು ಕ್ಯಾಮೆರಾ ನೋಡದೆ ಅಮ್ಮನನ್ನು ನೋಡುತ್ತಿದ್ದಳು.

ಗೇಟಿನಾಚೆ ಬಂದ ಮೇಲೆ ಮಗಳು "ಹೇಳಿದ್ಯಾ ಅಮ್ಮ? ಅವರೇನಂದ್ರು?" ಅಂತ ಕೇಳಿದಳು. "ಹೇಳ್ದೆ. ಹಾಗೆಲ್ಲ ಏನಿಲ್ಲ, ಸರಿಯಾಗೇ ಇದೆ ಅಂದ್ರು." "ಸರಿಯಾಗಿಲ್ಲ. ನಾನ್ ಅಳೆದು ನೋಡ್ದೆ. ನೀನ್ ಬೇಕಾದ್ರೆ ವಾಪಸ್ ಬಾ, ತೋರಿಸ್ತೀನಿ." "ನಿಂಗೆ ಸರಿಯಾಗಿ ಕಂಡಿಲ್ಲ." "ಕಂಡಿದೆ ಅಮ್ಮ." "ಕಂಡಿಲ್ಲ ಅಂದ್ನಲ್ಲ!" ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. "ಇಪ್ಪತ್ನಾಲ್ಕು ಗಂಟೆ ಮೊಬೈಲು ಮೊಬೈಲು ಅಂತ ಮುಖಕ್ಕಿಟ್ಕೊಂಡ್ ಕೂತಿದ್ರೆ ಇನ್ನೇನಾಗುತ್ತೆ? ಎಷ್ಟು ದಿನದಿಂದ ನೋಡ್ತಿದ್ದೀನಿ, ನೀನು ಕಣ್ಣು ಕಿರಿದು ಮಾಡಿ ನೋಡೋದು. ನೆಟ್ಟಗಿರೋದು ಓರೆ ಕಾಣುತ್ತೆ, ಉದ್ದ ಇರೋದು ಗಿಡ್ಡ ಕಾಣುತ್ತೆ. ನಿನ್ ಕಣ್ಣಲ್ಲಿ ದೋಷ ಇದೆ." ಸುಳ್ಳು ಎಷ್ಟು ಸರಾಗವಾಗಿ ಬಂತು ಅಂದರೆ, ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅರೆಬರೆ ನಿಜ ಅನ್ನಿಸಿತ್ತು, ಹೌದಲ್ಲ, ಆ ಹುಡುಗಿ ಕಣ್ಣು ಕಿರಿದು ಮಾಡುತ್ತಾಳಲ್ಲ? ಟೀಚರ ಎದುರು ಸೋಲದ ಹುಡುಗಿ. ಟೀಚರಾದರೆ ಹೊರಗಿನವರು. "ನಿಜವಾಗ್ಲೂ?" ಅಂದಳು. "ಮತ್ತೆ ಸುಳ್ಳು ಹೇಳ್ತೀನಾ ನಿಂಗೆ? ನಿನ್ನ ಹೆತ್ತವಳು ನಾನು."

ಬಸ್ಸಿನಲ್ಲಿ ಎಲ್ಲರೂ ಚೀಲಗಳನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದರು. ಗಂಡ ಹಾರ್ಡ್‌ವೇರಿನವರಿಗೆ ಹಿಂದಿನ ಸೀಟು ಬಿಟ್ಟುಕೊಟ್ಟು, ಇವರಿಗಾಗಿ ಮುಂದೆ ಜಾಗ ಹಿಡಿದಿದ್ದ. ಬೆಳಗಿನ ಸಿಟ್ಟು ಇಳಿದಿತ್ತು. ಅವಳಿಗೊಂದು ಶಾಲು ತೆಗೆದುಕೊಂಡಿದ್ದ, ಬಣ್ಣ ಚೆನ್ನಾಗಿತ್ತು. "ಹೇಗಿತ್ತು ನಿಮ್ಮಮ್ಮನ ಫ್ಯಾಕ್ಟರಿ?" ಅಂತ ಮಕ್ಕಳನ್ನು ಕೇಳಿದ. ಮಗ ಹಸಿರು ಗುರುತು, ಕೆಂಪು ಗುರುತು, ಸುಳ್ಳು ಹೇಳಿದ ಕೆಟ್ಟ ಆಂಟಿ, ಅಮ್ಮನಿಗೆ ಫಸ್ಟ್ ಪ್ರೈಜು ಅಂತ ಒಂದೇ ಉಸಿರಿಗೆ ಒದರಿದ. ಹಿಂದಿನಿಂದ ಹಾರ್ಡ್‌ವೇರಿನವರು "ಹೌದೇನ್ರೀ! ಗೋಡೆ ಮೇಲ್ ಹಾಕಿದ್ದಾರಾ ನಿಮ್ಮ ಹೆಸ್ರು?" ಅಂತ ಎದ್ದು ನಿಂತೇ ಬಿಟ್ಟರು. ಗಂಡನ ಎದೆ ಎರಡು ಇಂಚು ಅಗಲವಾದದ್ದು ಕಂಡಿತು. ಮಗಳು ಕಿಟಕಿಯ ಹತ್ತಿರ ಕೂತು ಒಂದು ಕಣ್ಣು ಮುಚ್ಚಿ ಅಂಗಡಿಯ ಬೋರ್ಡು ನೋಡಿದಳು, ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. "ಇದ್ಯಾಕೆ ಹೀಗ್ ಮಾಡ್ತಿದ್ದಾಳೆ?" ಅಂದ ಗಂಡ. "ಅವಳಿಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ, ಊರಿಗ್ ಹೋದ್ಮೇಲೆ ತೋರಿಸ್ಬೇಕು" ಅಂದಳು.

ಗಂಡನಿಗೆ ಗಾಬರಿಯಾಯಿತು. ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡ. ಇನ್ನೊಂದು ಕೈ ಮೇಲೆತ್ತಿ, ಹೆಬ್ಬೆರಳು ಮಡಚಿ, "ಇದು ಎಷ್ಟು ಹೇಳು ಪುಟ್ಟಿ" ಅಂದ. ಕೈ ಅವಳ ಮುಖದಿಂದ ಒಂದು ಮೊಳವೂ ದೂರವಿರಲಿಲ್ಲ. ಮಗಳು ಬೆರಳುಗಳನ್ನು ನೋಡಿದಳು. "ನಾಲ್ಕು" ಅಂದಳು. ಆಮೇಲೆ ತಿರುಗಿ, ಈ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳದ ದನಿಯಲ್ಲಿ, "ನಾಲ್ಕೇ ಅಲ್ವಾ ಅಮ್ಮ?" ಅಂತ ಕೇಳಿದಳು.

ಗಂಡ ಕೈ ಇಳಿಸಿರಲಿಲ್ಲ. ನಾಲ್ಕೂ ಬೆರಳು ಅಲ್ಲೇ ಇದ್ದವು.

"ಡಾಕ್ಟರು ನೋಡಿ ಹೇಳ್ಲಿ" ಅಂದಳು.